ಕೊಳಚೆ ಗುಂಡಿಯ ಪಂಪು: ಕೊಳ್ಳುವ ಮುಂಚೆ, ಕೊಂಡ ಮೇಲೆ



ಗ್ರೈಂಡರ್ ಕೊಳ್ಳುವಾಗ ನಾವು ನಾಲ್ಕು ಅಂಗಡಿ ತಿರುಗುತ್ತೇವೆ. ಕಾಫಿ ಬೀಜಕ್ಕೆ ಚಿಕ್ಕಮಗಳೂರಿನ ತನಕ ವಿಚಾರಿಸುತ್ತೇವೆ. ಪಾತ್ರೆ ತೊಳೆದ ನೀರನ್ನು ಎತ್ತಿ ಹಾಕುವ ಪಂಪಿನ ವಿಷಯ ಬಂದಾಗ ಮಾತ್ರ ಪ್ಲಂಬರ್ ತಂದದ್ದೇ ಸರಿ ಎಂದು ಸುಮ್ಮನಾಗುತ್ತೇವೆ. ನಾವೂ ಹಾಗೇ ಮಾಡಿ ಪೆಟ್ಟು ತಿಂದವರು. ಒಂದು ಸಲ ಒಬ್ಬ ಹುಡುಗನ ಜೀವವೇ ಹೋಗುವುದರಲ್ಲಿತ್ತು. ಆದ್ದರಿಂದ ಕಲಿತದ್ದನ್ನು ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇವೆ.

ಕೇದಾರ ಘಾಟಿನಲ್ಲಿ ಗಂಗೆಯ ದಂಡೆ ಬಲು ಎತ್ತರ. ಗಲ್ಲಿಯ ಮಟ್ಟದಲ್ಲಿ ಊಟದ ಹಾಲ್, ನದಿಯ ಕಡೆಗೆ ಮೆಟ್ಟಿಲಿಳಿದರೆ ಕೆಳ ಅಂತಸ್ತಿನಲ್ಲಿ ಅಡುಗೆಮನೆ. ಚರಂಡಿ ಮೇಲೆ, ನೀರು ಕೆಳಗೆ. ಎತ್ತದೆ ಬೇರೆ ದಾರಿಯಿಲ್ಲ. "ಹಿಂದಕ್ಕೊಂದು ಪೈಪು ಬಿಡಿ, ತಾನಾಗಿ ಗಂಗೆಗೆ ಹೋಗುತ್ತದೆ" ಎಂದು ಉಚಿತ ಸಲಹೆ ಕೊಟ್ಟವರೂ ಉಂಟು. ಆ ಮೆಟ್ಟಿಲುಗಳ ಮೇಲೆ ಮುಳುಗು ಹಾಕಿ, ಕೇದಾರೇಶ್ವರನ ದರ್ಶನ ಮಾಡಿ ಬಂದ ಯಾತ್ರಿಕರಿಗೇ ನಾವು ಇಡ್ಲಿ ಬಡಿಸುವುದು. ಹಾಗೆ ಮಾಡಲು ನಮ್ಮ ಮನಸ್ಸು ಒಪ್ಪಲಿಲ್ಲ. 1974ರ ಜಲ ಮಾಲಿನ್ಯ ಕಾಯ್ದೆಯೂ ಒಪ್ಪುವುದಿಲ್ಲ. ಬೆಂಗಳೂರು, ಮಂಗಳೂರಿನಲ್ಲಿ ಸೆಲ್ಲಾರಿನಲ್ಲಿ ಅಡುಗೆಮನೆ ಇಟ್ಟವರ ಪಾಡೂ ಇದೇ.

ಸಂಪು ಬೇರೆ, ಗುಂಡಿ ಬೇರೆ

ನಮ್ಮ ಕಡೆ ಸಂಪು ಎಂದರೆ ಒಳ್ಳೆಯ ನೀರಿನದು. ಪಂಪಿನ ಅಂಗಡಿಯವರು ಕೊಳಚೆ ಗುಂಡಿಗೂ ಸಂಪು ಎನ್ನುತ್ತಾರೆ. ಈ ಗೊಂದಲದಲ್ಲಿ ಒಳ್ಳೆ ನೀರಿನ ಮಾನೋಬ್ಲಾಕ್ ಪಂಪನ್ನೇ ಕೊಳಚೆಗೆ ಹಾಕಿದವರಿದ್ದಾರೆ. ಅದು ಒಂದು ಬಾಳೆ ಎಲೆಯ ಚೂರಿಗೇ ಕಟ್ಟಿಕೊಳ್ಳುತ್ತದೆ. ಕೊಳಚೆಗೆ ಹಾಕಿದ ಪಂಪನ್ನು ತೊಳೆದು ಒಳ್ಳೆ ನೀರಿಗೆ ಇಳಿಸುವುದಂತೂ ಕೂಡದು. ಎರಡೂ ಅಕ್ಕಪಕ್ಕ ಇರಬಾರದು. ಒಳ್ಳೆ ನೀರಿನ ಸಂಪಿನ ಬಾಯಿ ನೆಲಕ್ಕಿಂತ ಅರ್ಧ ಅಡಿಯಾದರೂ ಎತ್ತರವಿರಲಿ. ಗುಂಡಿ ಉಕ್ಕಿದ ದಿನ ಇದರ ಬೆಲೆ ಗೊತ್ತಾಗುತ್ತದೆ.

ಯಾವ ಕೆಲಸಕ್ಕೆ ಯಾವ ಪಂಪು?

ನೆಲಮಾಳಿಗೆಗೆ ಜಿನುಗಿದ ಮಳೆನೀರಿಗೆ ಡಿವಾಟರಿಂಗ್ ಪಂಪು ಸಾಕು. ಪಾತ್ರೆ ತೊಳೆದ ನೀರಿಗೆ ಸೀವೇಜ್ ಸಬ್‌ಮರ್ಸಿಬಲ್ ಪಂಪು ಬೇಕು. ಎಷ್ಟು ದಪ್ಪದ ಚೂರು ಅದರೊಳಗೆ ಹಾದುಹೋಗುತ್ತದೆ ಎಂಬುದನ್ನು ಮಿಲಿಮೀಟರಿನಲ್ಲಿ ಬರೆದಿರುತ್ತಾರೆ. ಹೋಟೆಲಿಗೆ 35ಕ್ಕಿಂತ ಕಡಿಮೆ ಬೇಡ. ಕೇಳುವಾಗ ವೋರ್ಟೆಕ್ಸ್ ಇಂಪೆಲ್ಲರ್ ಎಂದು ಕೇಳಿ. ಅದರಲ್ಲಿ ಚಕ್ರ ಹಿಂದಕ್ಕೆ ಸರಿದಿರುವುದರಿಂದ ಕಸ ಚಕ್ರಕ್ಕೆ ಹೆಚ್ಚು ತಾಗದೆ ಸುಳಿಯಲ್ಲಿ ಹೊರಗೆ ಹೋಗುತ್ತದೆ. ಲಾಡ್ಜಿಂಗ್ ಇದ್ದು ಬಟ್ಟೆ ಚೂರು, ಕೂದಲು ಬರುವುದಾದರೆ ಕಟ್ಟರ್ ಪಂಪು ನೋಡಿ.

ಆದರೆ ಯಾವ ಪಂಪೂ ಜಿಡ್ಡನ್ನು ಗೆಲ್ಲುವುದಿಲ್ಲ. ಬಿಸಿಯಿದ್ದಾಗ ನೀರಿನಂತೆ ಹರಿದ ಎಣ್ಣೆ, ತುಪ್ಪ, ಡಾಲ್ಡಾ ಗುಂಡಿಯಲ್ಲಿ ತಣ್ಣಗಾಗಿ ಗಟ್ಟಿ ಹೆಪ್ಪಾಗುತ್ತದೆ. ಆದ್ದರಿಂದ ಗುಂಡಿಗೆ ಮೊದಲು ಗ್ರೀಸ್ ಟ್ರ್ಯಾಪ್ ಇರಲೇಬೇಕು. ಸಿಂಕಿನ ಬಾಯಿಗೆ ಜಾಲರಿ ಬುಟ್ಟಿ ಇರಲಿ. ಅನ್ನದ ಅಗುಳು, ಕಾಫಿ ಚರಟ, ತೆಂಗಿನ ನಾರು, ಒಗ್ಗರಣೆಯ ಕರಿಬೇವು ಎಲ್ಲವೂ ಅಲ್ಲೇ ನಿಲ್ಲಲಿ. ತಳದಲ್ಲಿ ಉಳಿದ ಇಡ್ಲಿ ಹಿಟ್ಟನ್ನು ನೀರು ಬೆರೆಸಿ ಚೆಲ್ಲುವ ಅಭ್ಯಾಸ ಬಿಡಿಸಿ. ಗುಂಡಿಯ ತಳದಲ್ಲಿ ಅದೇ ಕೊಳೆತು ಗ್ಯಾಸ್ ಆಗುತ್ತದೆ.

ಎಷ್ಟು ಎತ್ತರ, ಎಷ್ಟು ನೀರು?

"ಒಂದು ಎಚ್‌ಪಿ ಕೊಡಿ" ಎಂದು ಕೇಳುವುದು ತಪ್ಪು. ಎರಡು ಲೆಕ್ಕ ಬರೆದುಕೊಂಡು ಹೋಗಿ.

ಮೊದಲನೆಯದು ಎತ್ತರ. ಗುಂಡಿಯ ತಳದಿಂದ ಪೈಪು ಏರುವ ತುತ್ತತುದಿಯವರೆಗೆ ಟೇಪು ಹಿಡಿಯಿರಿ. ನಮ್ಮಲ್ಲಿ 15 ಅಡಿ, ಅಂದರೆ ಸುಮಾರು 4.5 ಮೀಟರ್. ಪೈಪಿನ ಉದ್ದ, ಬೆಂಡು, ವಾಲ್ವುಗಳಿಗೆ ಸೇರಿಸಿ 6 ಮೀಟರ್ ಎಂದು ಹಿಡಿದೆವು. ಒಂದು ಮೋಸ ಇಲ್ಲಿದೆ. ಪಂಪಿನ ಮೇಲೆ ಬರೆದ ಗರಿಷ್ಠ ಹೆಡ್ ಎಂದರೆ ಅಷ್ಟು ಎತ್ತರದಲ್ಲಿ ನೀರು ಬರುವುದೇ ಇಲ್ಲ ಎಂದರ್ಥ. ಗರಿಷ್ಠ 6 ಮೀಟರಿನ ಪಂಪು ತಂದರೆ ಮೋಟಾರು ಓಡುತ್ತದೆ, ಗುಂಡಿ ಖಾಲಿಯಾಗುವುದಿಲ್ಲ. ಕಂಪನಿಯ ಪಟ್ಟಿ ನೋಡಿ, 6 ಮೀಟರಿನಲ್ಲಿ ನಿಮಿಷಕ್ಕೆ ಎಷ್ಟು ಲೀಟರ್ ಎಂದು ಕೇಳಿ.

ಎರಡನೆಯದು ನೀರು. ಮಧ್ಯಾಹ್ನದ ರಶ್ಶಿನಲ್ಲಿ ಅಳೆಯಿರಿ. 20 ಲೀಟರಿನ ಬಕೆಟ್ ಒಂದು ನಲ್ಲಿಯಲ್ಲಿ ಒಂದೂವರೆ ನಿಮಿಷಕ್ಕೆ ತುಂಬಿದರೆ ಮೂರು ನಲ್ಲಿಗೆ ನಿಮಿಷಕ್ಕೆ 40 ಲೀಟರ್. ಪಾತ್ರೆ ತೊಟ್ಟಿ ಒಮ್ಮೆಲೇ ಬಿಟ್ಟಾಗ ಇನ್ನೊಂದು 80. ಒಟ್ಟು 120 ಲೀಟರ್. ಇದಕ್ಕೆ ಎರಡು ಇಂಚಿನ ಪೈಪು ಸರಿ. ದೊಡ್ಡದಿದ್ದರೆ ಒಳ್ಳೆಯದೆಂದು ಮೂರಿಂಚು ಹಾಕಿದರೆ ನೀರಿನ ವೇಗ ಅರ್ಧಕ್ಕಿಂತ ಕೆಳಗಿಳಿದು ಅಗುಳು ಪೈಪಿನಲ್ಲೇ ಕೂರುತ್ತದೆ.

ಗುಂಡಿ ತೀರ ಚಿಕ್ಕದಾದರೆ ಪಂಪು ಗಳಿಗೆಗೊಮ್ಮೆ ಆನ್ ಆಫ್ ಆಗಿ ಮೋಟಾರು ಸುಡುತ್ತದೆ. ನಿಮಿಷಕ್ಕೆ 120 ಲೀಟರಿನ ಪಂಪು ಗಂಟೆಗೆ ಹತ್ತಕ್ಕಿಂತ ಹೆಚ್ಚು ಸಲ ಶುರುವಾಗಬಾರದು ಎಂದಾದರೆ ಆನ್ ಮಟ್ಟಕ್ಕೂ ಆಫ್ ಮಟ್ಟಕ್ಕೂ ನಡುವೆ 180 ಲೀಟರ್ ನೀರು ನಿಲ್ಲುವಂತಿರಬೇಕು. ತೀರ ದೊಡ್ಡ ಗುಂಡಿಯೂ ಬೇಡ, ನೀರು ನಿಂತು ನಾರುತ್ತದೆ.

ವಾಲ್ವು, ಕರೆಂಟು, ಪ್ರವಾಹ

ಪಂಪಿನ ಮೇಲಿನ ಪೈಪಿಗೆ ನಾನ್ ರಿಟರ್ನ್ ವಾಲ್ವು, ಅದರ ಮೇಲೊಂದು ಗೇಟ್ ವಾಲ್ವು ಇರಲಿ. ಪೈಪನ್ನು ಗಲ್ಲಿಯ ಮಟ್ಟಕ್ಕಿಂತ ಮೇಲೆ ಒಯ್ದು, ಬಾಗಿಸಿ, ಆಮೇಲೆ ಚರಂಡಿಗೆ ಇಳಿಸಿ. ಚರಂಡಿ ತುಂಬಿದರೂ ಊರಿನ ಕೊಳಚೆ ನಿಮ್ಮ ಅಡುಗೆಮನೆಗೆ ಇಳಿಯುವುದಿಲ್ಲ.

ನಮ್ಮ ಘಾಟಿನ ಒಂದು ಕಡೆ ಹರಿಶ್ಚಂದ್ರ ಘಾಟ್, ಇನ್ನೊಂದು ಕಡೆ ಮಾನಸರೋವರ ಘಾಟ್. ನದಿಗೆ ಇಳಿಯುವ ಊರ ಕೊಳಚೆಯನ್ನು ಎತ್ತಲು ಎರಡರಲ್ಲೂ ಪಂಪಿಂಗ್ ಸ್ಟೇಷನ್ನುಗಳಿವೆ. 1986ರಲ್ಲಿ ಶುರುವಾದ ಗಂಗಾ ಕ್ರಿಯಾ ಯೋಜನೆಯ ಬಗ್ಗೆ ಸಂಕಟಮೋಚನ ದೇವಸ್ಥಾನದ ಮಹಂತರೂ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಪ್ರಾಧ್ಯಾಪಕರೂ ಆಗಿದ್ದ ವೀರಭದ್ರ ಮಿಶ್ರರು (1938–2013) ಎತ್ತಿದ ದೊಡ್ಡ ಆಕ್ಷೇಪಗಳಲ್ಲಿ ಒಂದು ಇದೇ: ಕರೆಂಟು ಹೋದರೆ ಪಂಪು ನಿಲ್ಲುತ್ತದೆ, ಕೊಳಚೆ ನಿಲ್ಲುವುದಿಲ್ಲ. ಹೋಟೆಲಿಗೂ ಈ ಮಾತು ಅನ್ವಯಿಸುತ್ತದೆ. ಜನರೇಟರಿಗೆ ಫ್ರಿಜ್ಜು, ಲೈಟು ಕೊಟ್ಟು ಗುಂಡಿಯ ಪಂಪನ್ನು ಮರೆಯಬೇಡಿ. ಪಂಪು ಶುರುವಾಗುವಾಗ ಓಡುವಾಗಿನ ಹಲವು ಪಟ್ಟು ಕರೆಂಟು ಎಳೆಯುತ್ತದೆ, ಜನರೇಟರ್ ಅದನ್ನು ತಾಳಬೇಕು.

ಸ್ವಿಚ್ ಬೋರ್ಡು ಎದೆಮಟ್ಟಕ್ಕಿಂತ ಮೇಲಿರಲಿ. ಅರ್ಥಿಂಗ್ ಮತ್ತು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಕಡ್ಡಾಯ. ಕೇಬಲಿನ ಜಾಯಿಂಟ್ ಗುಂಡಿಯೊಳಗೆ ಬೇಡ. ತ್ರೀ ಫೇಸ್ ಪಂಪು ಲೈನ್ ರಿಪೇರಿಯ ನಂತರ ಓಡಿಯೂ ನೀರು ಸರಿಯಾಗಿ ಎತ್ತದಿದ್ದರೆ ಚಕ್ರ ಉಲ್ಟಾ ತಿರುಗುತ್ತಿರಬಹುದು. ಎಲೆಕ್ಟ್ರಿಷಿಯನ್ ಎರಡು ಫೇಸ್ ಅದಲು ಬದಲು ಮಾಡಿದರೆ ಸರಿಹೋಗುತ್ತದೆ.

ವಾರಾಣಸಿಯಲ್ಲಿ ಗಂಗೆಯ ಅಪಾಯ ಮಟ್ಟ 71.262 ಮೀಟರ್. 1978ರಲ್ಲಿ ನೀರು 73.901ಕ್ಕೆ ಏರಿತ್ತು. ನದಿ ಏರಿ ಚರಂಡಿಯೇ ತುಂಬಿದ ದಿನ ಪಂಪಿನಿಂದ ಉಪಯೋಗವಿಲ್ಲ. ಗೇಟ್ ವಾಲ್ವು ಮುಚ್ಚಿ, ಪಂಪಿನ ಮೇನ್ ಆಫ್ ಮಾಡಿ, ಕೆಳಗಿನ ನಲ್ಲಿ ನಿಲ್ಲಿಸಿ, ಸಾಮಾನು ಮೇಲೆ ಸಾಗಿಸಿ. ಎರಡು ದಿನದ ವ್ಯಾಪಾರ ಹೋದರೆ ಹೋಗಲಿ.

ದಿನ, ವಾರ, ವರ್ಷ

ದಿನಾ ರಾತ್ರಿ ಜಾಲರಿ ಬುಟ್ಟಿ ಖಾಲಿ ಮಾಡಿಸಿ, ಗ್ರೀಸ್ ಟ್ರ್ಯಾಪಿನ ಕೆನೆ ತೆಗೆಸಿ. ವಾರಕ್ಕೊಮ್ಮೆ ಫ್ಲೋಟ್ ಸ್ವಿಚ್ಚಿನ ಜಿಡ್ಡು ತೊಳೆಸಿ. ನಮ್ಮ ಅನುಭವದಲ್ಲಿ ಪಂಪು ಕೆಟ್ಟಿತು ಎಂದಾಗ ಎಷ್ಟೋ ಸಲ ಕೆಟ್ಟಿದ್ದು ಪಂಪಲ್ಲ, ಜಿಡ್ಡಿನಲ್ಲಿ ಸಿಕ್ಕಿಕೊಂಡ ಫ್ಲೋಟು. ಎರಡನೇ ಪಂಪು ಇದ್ದರೆ ಸುಮ್ಮನೆ ಕೂರಿಸಬೇಡಿ, ಸರದಿಯಲ್ಲಿ ಓಡಿಸಿ. ತಿಂಗಳಿಗೊಮ್ಮೆ ಕ್ಲ್ಯಾಂಪ್ ಮೀಟರಿನಲ್ಲಿ ಆಂಪಿಯರ್ ನೋಡಿಸಿ ಗೋಡೆಯ ಮೇಲೆ ಬರೆದಿಡಿ. ಅಂಕಿ ಏರಿದರೆ ಎಲ್ಲೋ ಬಿಗಿಯಾಗುತ್ತಿದೆ ಎಂದು ತಿಳಿಯಿರಿ. ಮಳೆಗಾಲಕ್ಕೆ ಮುಂಚೆ ಎಣ್ಣೆ ಪರೀಕ್ಷೆ ಮಾಡಿಸಿ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಸೀಲ್ ಸೋತು ನೀರು ಒಳಗೆ ಹೋಗಿದೆ. ಆಗಲೇ ಸೀಲ್ ಬದಲಿಸಿದರೆ ಮೋಟಾರು ಉಳಿಯುತ್ತದೆ.

ಗುಂಡಿಗೆ ಯಾರನ್ನೂ ಇಳಿಸಬೇಡಿ

ಈಗ ಆ ಹುಡುಗನ ವಿಷಯ. ಒಂದು ಶ್ರಾವಣ ಸೋಮವಾರ, ಹಾಲಿನಲ್ಲಿ ಜನವೋ ಜನ. ಗುಂಡಿ ಉಕ್ಕಿತು. ಪಂಪಿಗೆ ಸರಪಳಿ ಇರಲಿಲ್ಲ, ಗೈಡ್ ಪೈಪೂ ಇರಲಿಲ್ಲ. "ಬೇಗ ಇಳಿದು ಎತ್ತು" ಎಂದು ಕ್ಲೀನರ್ ಹುಡುಗನಿಗೆ ಹೇಳಿದವರು ನಾವೇ. ಎರಡು ಮೆಟ್ಟಿಲು ಇಳಿದವನಿಗೆ ಕಣ್ಣು ಕತ್ತಲೆ ಬಂತು. ಕೈ ಬಿಡುವ ಮೊದಲೇ ಭಟ್ಟರೂ ಸಪ್ಲೈಯರೂ ಸೇರಿ ರಟ್ಟೆ ಹಿಡಿದು ಎಳೆದುಕೊಂಡರು. ಅವನು ಬದುಕಿದ. ಅದು ನಮ್ಮ ಪುಣ್ಯ, ಜಾಣತನವಲ್ಲ.

ಕೊಳೆತ ಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಸ್ವಲ್ಪ ಇದ್ದರೆ ಕೊಳೆತ ಮೊಟ್ಟೆಯ ವಾಸನೆ. ಹೆಚ್ಚಾದರೆ ಮೂಗಿನ ಶಕ್ತಿಯೇ ಹೋಗಿ ವಾಸನೆ ಗೊತ್ತಾಗುವುದಿಲ್ಲ. ವಾಸನೆ ಇಲ್ಲ ಎಂದು ಇಳಿದವನೂ, ಅವನನ್ನು ಎತ್ತಲು ಇಳಿದವನೂ ಇಬ್ಬರೂ ಸಾಯುತ್ತಾರೆ. ರಕ್ಷಣೆಯಿಲ್ಲದೆ ಚರಂಡಿ, ಸೆಪ್ಟಿಕ್ ಟ್ಯಾಂಕಿಗೆ ಆಳನ್ನು ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಚರಂಡಿ ಸಾವುಗಳಿಗೆ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿದೆ. ಎಷ್ಟು ಲಕ್ಷ ಕೊಟ್ಟರೂ ಹುಡುಗನ ತಾಯಿಗೆ ಮಗ ವಾಪಸು ಬರುವುದಿಲ್ಲ.

ಆದ್ದರಿಂದ ಪಂಪು ಹಾಕಿಸುವ ದಿನವೇ ಗೈಡ್ ಪೈಪು, ಸ್ಟೀಲ್ ಸರಪಳಿ ಹಾಕಿಸಿ. ಮೇಲೆ ನಿಂತೇ ಪಂಪನ್ನು ಎತ್ತುವಂತಿರಲಿ. ಕೇಬಲ್ ಹಿಡಿದು ಎತ್ತಬೇಡಿ. ತಳದ ಹೂಳಿಗೆ ಸಕ್ಷನ್ ಗಾಡಿ ಕರೆಸಿ. ಗುಂಡಿ ಉಕ್ಕಿ ದಾರಿ ಕಾಣದಿದ್ದರೆ ಅಡುಗೆ ನಿಲ್ಲಿಸಿ, ಗಿರಾಕಿಗಳಿಗೆ ಕೈ ಮುಗಿದು ಕಳಿಸಿ. ಅವರು ನಾಳೆ ಬಂದಾರು.

ಇಂದು ಗಲ್ಲಾ ಎಣಿಸಿದ ಮೇಲೆ ಟಾರ್ಚ್ ಹಿಡಿದು ನಿಮ್ಮ ಗುಂಡಿಯ ಮುಚ್ಚಳದ ಬಳಿ ಹೋಗಿ, ಮೇಲಿನಿಂದಲೇ ನೋಡಿ. ಸರಪಳಿ ಇದೆಯೇ? ಇಲ್ಲದಿದ್ದರೆ ನಾಳೆಯ ಮೊದಲ ಕೆಲಸ ಅದೇ ಆಗಲಿ ಎಂದು ನಮ್ಮ ವಿನಂತಿ.