ಹುಡುಕು ಯಂತ್ರ ಬದಲಾದರೆ ಜಾಲತಾಣಕ್ಕೇನಾಗುತ್ತದೆ?

ಪ್ರಶ್ನೆ: ಗೂಗಲ್ ತನ್ನ ಕ್ರಮ ಬದಲಿಸಿದಾಗಲೆಲ್ಲ ಕನ್ನಡ ಜಾಲತಾಣಗಳ ಓದುಗರ ಸಂಖ್ಯೆ ಏರುಪೇರಾಗುವುದೇಕೆ?
– ಓದುಗರೊಬ್ಬರು, ಕೋಟ

ಉತ್ತರ: ಹುಡುಕು ಯಂತ್ರವು ಜಾಲತಾಣಗಳ ಪಠ್ಯವನ್ನು ಮೊದಲೇ ಓದಿ ಸೂಚಿಯೊಂದನ್ನು ಸಿದ್ಧಪಡಿಸಿಕೊಂಡಿದ್ದು, ಯಾರಾದರೂ ಹುಡುಕಿದಾಗ ಅದರಲ್ಲಿನ ಪುಟಗಳನ್ನು ಅಲ್ಗಾರಿದಮ್ ಎಂಬ ಲೆಕ್ಕಾಚಾರದ ಪ್ರಕಾರ ಸಾಲಾಗಿ ಜೋಡಿಸುತ್ತದೆ. ಹೆಚ್ಚಿನವರು ಮೊದಲ ಕೆಲವು ಫಲಿತಾಂಶಗಳನ್ನಷ್ಟೇ ತೆರೆಯುವುದರಿಂದ, ಈ ಲೆಕ್ಕಾಚಾರ ಕೊಂಚ ಬದಲಾದರೂ ತಾಣದ ಓದುಗರ ಸಂಖ್ಯೆಯೂ ಅದನ್ನು ನೆಚ್ಚಿದ ಜಾಹೀರಾತಿನ ಆದಾಯವೂ ಏರಿಳಿಯುತ್ತವೆ. ಗೂಗಲ್ 2011ರ ‘ಪಾಂಡಾ’ ಪರಿಷ್ಕರಣೆಯಲ್ಲಿ ಸತ್ವವಿಲ್ಲದ ಪುಟಗಳನ್ನು ಕೆಳಗಿಳಿಸಿತು. 2015ರಲ್ಲಿ ಮೊಬೈಲ್ ಹುಡುಕಾಟಕ್ಕೆ ಮೊಬೈಲಿನಲ್ಲಿ ಸುಲಭವಾಗಿ ಓದಬಹುದಾದ ಪುಟಗಳನ್ನು ಮೇಲೆತ್ತಿತು.

ಕನ್ನಡ ತಾಣಗಳಿಗೆ ಇನ್ನೊಂದು ತೊಡಕಿತ್ತು. ಯುನಿಕೋಡ್, ಅಂದರೆ ಪ್ರತಿ ಅಕ್ಷರಕ್ಕೂ ಜಗತ್ತಿನಾದ್ಯಂತ ಒಂದೇ ಸಂಕೇತ ನೀಡುವ ವ್ಯವಸ್ಥೆ, ಬಳಕೆಗೆ ಬರುವ ಮೊದಲು ಹಳೆಯ ಫಾಂಟುಗಳಲ್ಲಿ ಮೂಡಿದ ಬರಹಗಳು ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿದ್ದವು. ಹೀಗಾಗಿ ಕನ್ನಡದಲ್ಲಿ ಹುಡುಕಿದವರಿಗೆ ಅವು ಸಿಗುತ್ತಿರಲಿಲ್ಲ.

ಈಚಿನ ಬದಲಾವಣೆ ಇನ್ನೂ ಆಳವಾದುದು: ಈಗ ಹುಡುಕು ಯಂತ್ರವೇ ಎಷ್ಟೋ ಪ್ರಶ್ನೆಗಳಿಗೆ ನೇರವಾಗಿ ಉತ್ತರಿಸುತ್ತದೆ. ಉದಾಹರಣೆಗೆ, ಸಾಹಿತಿ ಶಿವರಾಮ ಕಾರಂತರು ಹುಟ್ಟಿದ ಊರು, ವರ್ಷಗಳನ್ನು ಹುಡುಕಿದವರಿಗೆ ‘ಕೋಟ, 1902’ ಎಂಬ ಉತ್ತರ ಫಲಿತಾಂಶದ ಪುಟದಲ್ಲೇ ದೊರೆತರೆ, ಆ ಮಾಹಿತಿಯನ್ನು ಶ್ರಮಪಟ್ಟು ಬರೆದ ತಾಣಕ್ಕೆ ಓದುಗರೇ ಬರುವುದಿಲ್ಲ. 2024ರಿಂದ ಕೃತಕ ಬುದ್ಧಿಮತ್ತೆಯ ಸಾರಾಂಶಗಳು ಈ ಪ್ರವೃತ್ತಿಯನ್ನು ಹೆಚ್ಚಿಸಿವೆ. ಆದ್ದರಿಂದ ಒಂದು ಸಾಲಿನಲ್ಲಿ ಮುಗಿಯದ ಸ್ಥಳೀಯ ಇತಿಹಾಸ, ಯಕ್ಷಗಾನದ ವಿವರ, ಸ್ವಂತ ಚಿತ್ರ ಹಾಗೂ ದಾಖಲೆಗಳನ್ನು ಯುನಿಕೋಡಿನಲ್ಲಿ ಪ್ರಕಟಿಸಿ, ನೇರವಾಗಿ ಬರುವ ಓದುಗರ ಬಳಗವನ್ನು ಕಟ್ಟಿಕೊಳ್ಳುವುದೇ ತಾಣದ ಒಡೆಯರಿಗೆ ಭದ್ರವಾದ ದಾರಿ.