ವರಟೆ ಇಳಿದ ನೀರು

ಬೆಂಗಳೂರಿನ ಮತ್ತಿಕೆರೆಯ ಜೆ.ಪಿ. ಪಾರ್ಕಿನಲ್ಲಿ ಬೆಳಗಿನ ವಾಕಿಂಗಿನವರು ಇನ್ನೂ ಸ್ವೆಟರ್ ಬಿಚ್ಚಿಲ್ಲ. ಕೆರೆಯಂಚಿನ ಜೊಂಡಿನಿಂದ ವರಟೆ ಎಂಬ ಕಾಡುಬಾತುಗಳ ಜೋಡಿ ನೀರಿಗಿಳಿಯುತ್ತದೆ. ಕರಿ ಕೊಕ್ಕಿನ ತುದಿ ಅರಿಸಿನದಲ್ಲಿ ಅದ್ದಿದಂತೆ ಹಳದಿ. ಬುಡದ ಎರಡೂ ಬದಿ ಕೆಂಪು ಚುಕ್ಕೆ. ಒಂದು ಬಾಲ ಮೇಲೆತ್ತಿ ಕೆಸರು ಕೆದಕುತ್ತದೆ. ಇನ್ನೊಂದು ದಂಡೆಯ ಕಲ್ಲು ಹತ್ತಿ, ರೆಕ್ಕೆ ಒದರಿ, ಹಿಕ್ಕೆ ಹಾಕಿ ಮತ್ತೆ ನೀರಿಗೆ. ಹಿಕ್ಕೆ ನೀರಿನಲ್ಲಿ ನಿಧಾನ ಕದಡುತ್ತದೆ.

ಹಕ್ಕಿ ಜ್ವರ ಹಬ್ಬುವ ಹಾದಿಯೂ ಇದೇ. ಫ್ಲೂ ವೈರಸ್ಸು ಮನುಷ್ಯರಲ್ಲಿ ಮೂಗು, ಗಂಟಲು ಹಿಡಿದರೆ ಕಾಡುಬಾತುಗಳಲ್ಲಿ ಹೆಚ್ಚಾಗಿ ಕರುಳಿನಲ್ಲಿ ಬೆಳೆಯುತ್ತದೆ. ಎಷ್ಟೋ ಸಲ ಹಕ್ಕಿಗೆ ಏನೂ ಆಗುವುದಿಲ್ಲ. ಈಜುತ್ತದೆ, ಮೇಯುತ್ತದೆ, ಹಾರಿ ಬೇರೆ ಕೆರೆಗೆ ಹೋಗುತ್ತದೆ. ತಣ್ಣನೆಯ ನೀರಿನಲ್ಲಿ ವೈರಸ್ಸು ವಾರಗಟ್ಟಲೆ ಬದುಕಬಲ್ಲದು. ಕೋಳಿಯ ಪಾಡು ಬೇರೆ. ಹಕ್ಕಿ ಜ್ವರದ ಎಚ್5ಎನ್1 ವೈರಸ್ಸು ತಗುಲಿದರೆ ಜುಟ್ಟು ನೀಲಿಗಟ್ಟಿ, ಎರಡು ಮೂರು ದಿನದಲ್ಲಿ ಶೆಡ್ಡಿಗೆ ಶೆಡ್ಡೇ ಖಾಲಿ. ಸೋಂಕನ್ನು ಬೇಗ ಗುರುತಿಸುವ ರಿಗ್-ಐ ಎಂಬ ವಂಶವಾಹಿ ಬಾತಿನಲ್ಲಿದೆ, ಕೋಳಿಯಲ್ಲಿಲ್ಲ; ವಿಜ್ಞಾನಿಗಳು ಇದನ್ನು ತೋರಿಸಿದ್ದು 2010ರಲ್ಲಿ. ಹಾಗೆಂದು ನೀರುಹಕ್ಕಿಗಳು ಸಾಯುವುದೇ ಇಲ್ಲವೆಂದಲ್ಲ. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಸತ್ತ ಸಾವಿರಾರು ಹಕ್ಕಿಗಳಲ್ಲಿ ಬಹುಪಾಲು ಪಟ್ಟೆತಲೆ ಹೆಬ್ಬಾತುಗಳು, ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬಂದಿಳಿಯುವ ಅದೇ ಜಾತಿ.

ನಮಗೆ ಹತ್ತಿರದ ಕಹಿ ನೆನಪು ಹೆಸರಘಟ್ಟದ್ದು. 2012ರ ಅಕ್ಟೋಬರ್‌ನಲ್ಲಿ ಅಲ್ಲಿನ ಕೇಂದ್ರ ಸರ್ಕಾರದ ಕೋಳಿ ಸಾಕಣೆ ಕೇಂದ್ರದಲ್ಲಿ ಟರ್ಕಿ ಕೋಳಿಗಳು ಸಾಲುಸಾಲಾಗಿ ಸತ್ತವು. ಭೋಪಾಲದ ಪ್ರಯೋಗಾಲಯ ಎಚ್5ಎನ್1 ಎಂದು ಖಚಿತಪಡಿಸಿತು. ಕೋಳಿ, ಬಾತು ಎನ್ನದೆ ಉಳಿದ ಹಕ್ಕಿಗಳನ್ನೂ ಕೊಂದು ಹೂಳಿದರು. ರೈತರಿಗೆ ಬಾತು ಸಾಕುವುದನ್ನು ಕಲಿಸುತ್ತಿದ್ದ ಜಾಗವದು. ಆರೋಗ್ಯವಾಗಿ ಕಾಣುವ ಬಾತನ್ನೂ ಬಿಡುವಂತಿಲ್ಲ, ಏಕೆಂದರೆ ಅದು ಒಳಗೇನು ಹೊತ್ತಿದೆಯೆಂದು ಮುಖ ನೋಡಿ ಹೇಳಲಾಗದು. ಆ ಲೆಕ್ಕ ಸರಿ. ಆದರೂ ಸಂಕಟವಾಗುತ್ತದೆ.

ಪಾರ್ಕಿನಿಂದ ಹೊರಬಿದ್ದು ಮುಖ್ಯರಸ್ತೆಗೆ ಬಂದರೆ ಭಾನುವಾರದ ಕೋಳಿ ಅಂಗಡಿ. ಕೆಳಗಿನ ಗೂಡಿನಲ್ಲಿ ಫಾರಂ ಕೋಳಿ, ಮೇಲಿನದರಲ್ಲಿ ನಾಟಿ ಕೋಳಿ, ಪಕ್ಕದಲ್ಲೇ ಇಕ್ಕಟ್ಟಿನಲ್ಲಿ ಎರಡು ಬಾತು. ಮೇಲಿನ ಹಿಕ್ಕೆ ನೇರ ಕೆಳಗಿನ ನೀರಿನ ಡಬ್ಬಕ್ಕೆ ಬೀಳುತ್ತಿದೆ. ಕೆರೆಯ ವರಟೆಗಿಂತ ನನಗೆ ಭಯ ಹುಟ್ಟಿಸುವುದು ಈ ಡಬ್ಬ.

“ಬಾತಿನ ಗೂಡು ದೂರ ಇಡಬಾರದಾ ಅಣ್ಣ?”

“ಜಾಗ ಎಲ್ಲಿದೆ ಸಾರ್, ಬಾಡಿಗೆ ಎಷ್ಟು ಗೊತ್ತಾ?”

ಅವರ ಕಷ್ಟವೂ ನಿಜ. ಡಬ್ಬಕ್ಕೊಂದು ಮುಚ್ಚಳವಾದರೂ ಹಾಕಿ, ದಿನಾ ತೊಳೆಯಿರಿ ಎಂದೆ. ಅಷ್ಟಕ್ಕೆ ಬಾಡಿಗೆ ಹೆಚ್ಚಾಗುವುದಿಲ್ಲ.