ಕಡಲಾಳದ ಗುಲಾಬಿ ತೋಟ

ಹುಲ್ಲು ಬಿಸಿಲನ್ನುಂಡು ಬೆಳೆಯುತ್ತದೆ. ಹುಲ್ಲನ್ನು ಜಿಂಕೆ ಮೇಯುತ್ತದೆ. ಜಿಂಕೆಯನ್ನು ಹುಲಿ ತಿನ್ನುತ್ತದೆ. ಜೀವಕೋಟಿಗೆಲ್ಲ ಅನ್ನದಾತನು ಸೂರ್ಯನೇ ಎಂದು ಶಾಸ್ತ್ರಜ್ಞರು ಬಹುಕಾಲ ನಂಬಿದ್ದರು. ಆ ನಂಬಿಕೆಯ ಬುಡ ಅಲುಗಾಡಿದ್ದು 1977ರ ಫೆಬ್ರವರಿಯಲ್ಲಿ.

ಶಾಂತಸಾಗರದ ಗಲಾಪಗೋಸ್ ದ್ವೀಪಗಳ ಸಮೀಪದಲ್ಲಿ, ಭೂಮಿಯ ಎರಡು ಶಿಲಾಫಲಕಗಳು ಒಂದರಿಂದೊಂದು ದೂರ ಸರಿಯುತ್ತಿರುವ ದೊಡ್ಡ ಬಿರುಕೊಂದಿದೆ. ಅಲ್ಲಿ ಬಿಸಿನೀರಿನ ಬುಗ್ಗೆಗಳಿರಬೇಕೆಂದು ಊಹಿಸಿ ಅಮೆರಿಕದ ವಿಜ್ಞಾನಿಗಳು ಹಡಗೇರಿ ಬಂದಿದ್ದರು. ಅವರು ಕಡಲಿಗೆ ಇಳಿಬಿಟ್ಟ ಕ್ಯಾಮೆರಾ ಸಾವಿರಾರು ಚಿತ್ರಗಳನ್ನು ತೆಗೆಯಿತು. ಒಂದೆಡೆ ನೀರು ತುಸು ಬೆಚ್ಚಗಾದುದನ್ನು ಉಷ್ಣಮಾಪಕ ತಿಳಿಸಿತು. ಅದೇ ಎಡೆಯ ಕೆಲವೇ ಚಿತ್ರಗಳಲ್ಲಿ ಬರಿಯ ಬಂಡೆಯ ಬದಲು ಕಪ್ಪೆಚಿಪ್ಪುಗಳ ರಾಶಿ ಕಂಡಿತು!

'ಆಲ್ವಿನ್' ಎಂಬ ಪುಟ್ಟ ಜಲಾಂತರ್ಗಾಮಿಯಲ್ಲಿ ಮೂವರು ಸುಮಾರು 8,000 ಅಡಿ ಆಳಕ್ಕಿಳಿದರು. ಬಂಡೆಯ ಸಂದುಗಳಿಂದ ಬಿಸಿನೀರು ಮಿಲಮಿಲನೆ ಮೇಲೇಳುತ್ತಿತ್ತು. ಸುತ್ತಲೂ ಚಿಪ್ಪುಜೀವಿಗಳು, ಏಡಿಗಳು! ಮೇಲೆ ತಂದ ನೀರು ಕೊಳೆತ ಮೊಟ್ಟೆಯ ನಾತ ಬೀರಿತು. ಬಂದವರೆಲ್ಲ ಭೂಮಿ, ಶಿಲೆ, ರಸಾಯನಗಳನ್ನು ಬಲ್ಲವರು. ಜೀವವಿಜ್ಞಾನಿ ಒಬ್ಬನೂ ಇರಲಿಲ್ಲ. ಜೀವಿಗಳನ್ನು ಕೆಡದಂತಿಡುವ ದ್ರವ ಸಾಲದೆ ಕೆಲವನ್ನು ವೋಡ್ಕಾ ಮದ್ಯದಲ್ಲಿ ಅದ್ದಿಡಬೇಕಾಯಿತು.

ಆ ನಾತವೇ ಒಗಟಿನ ಬೀಗದ ಕೈ. ಬಿರುಕಿಗಿಳಿದ ಕಡಲನೀರು ಬಿಸಿಶಿಲೆಯಲ್ಲಿ ಕಾದು, ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಹೊತ್ತು ಹಿಂದಿರುಗುತ್ತದೆ. ಅಲ್ಲಿನ ಕೊಳವೆಹುಳುಗಳು ಆಳೆತ್ತರವನ್ನೂ ಮೀರಿ ಬೆಳೆಯುತ್ತವೆ. ಆದರೆ ಅವಕ್ಕೆ ಬಾಯಿಲ್ಲ, ಕರುಳಿಲ್ಲ! ಹಾಗಾದರೆ ಉಣ್ಣುವುದೆಂತು? ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿನಿ ಕೊಲೀನ್ ಕ್ಯಾವನಾ ಮತ್ತು ಸಂಗಡಿಗರು 1981ರಲ್ಲಿ ಉತ್ತರವಿತ್ತರು. ಹುಳುವಿನ ಒಡಲಲ್ಲಿ ಅಸಂಖ್ಯ ಸೂಕ್ಷ್ಮಜೀವಿಗಳು ನೆಲೆಸಿವೆ. ಹುಳು ತನ್ನ ಕೆಂಪು ಗರಿಗಳಿಂದ ಆ ವಿಷಾನಿಲವನ್ನು ಹೀರಿ ಅವಕ್ಕೆ ಒದಗಿಸುತ್ತದೆ. ಅವು ಅದರ ಶಕ್ತಿಯಿಂದ ಆಹಾರ ತಯಾರಿಸಿ ಮನೆಯೊಡೆಯನಿಗೂ ಉಣಿಸುತ್ತವೆ. ಬಿಸಿಲಿಲ್ಲದೆಯೂ ಅಡಿಗೆ ನಡೆಯಿತು! ಆದರೂ ಸೂರ್ಯನ ಋಣ ಪೂರ್ತಿ ಹರಿದಿಲ್ಲ. ಈ ಅಡಿಗೆಗೆ ಬೇಕಾದ ಆಮ್ಲಜನಕ, ಮೇಲೆ ಬಿಸಿಲಿನಲ್ಲಿ ಸಸ್ಯಗಳು ಬಿಟ್ಟದ್ದೇ.

ಈ ಬದುಕು ಸ್ಥಿರವಾದುದಲ್ಲ. 1979ರಲ್ಲಿ ವಿಜ್ಞಾನಿಗಳು ಅದೇ ಬಿರುಕಿನಲ್ಲಿ ಕಂಡ ಕೆಂಪು ಗರಿಯ ಹುಳುಗಳ ವನಕ್ಕೆ 'ಗುಲಾಬಿ ತೋಟ' ಎಂದು ಹೆಸರಿಟ್ಟಿದ್ದರು. 2002ರಲ್ಲಿ ಮರಳಿ ಹೋದಾಗ ತೋಟವಿರಲಿಲ್ಲ. ಹೊಸ ಲಾವಾ ಹರಿದು ಅದನ್ನು ಮುಚ್ಚಿದಂತಿತ್ತು. ಆದರೆ ಅನತಿದೂರದಲ್ಲೇ ಹೊಸದೊಂದು ಬುಗ್ಗೆ. ಅದರ ಬಳಿ ಆಗತಾನೇ ತಲೆಯೆತ್ತುತ್ತಿದ್ದ ಪುಟ್ಟ ಹುಳುಗಳು. ಆ ತಾಣಕ್ಕೆ ಅವರಿಟ್ಟ ಹೆಸರು, 'ಗುಲಾಬಿ ಮೊಗ್ಗು'.